ಇತರೆಯವರ ಹೇರಳ

ನಮ್ಮ ಮನೆಯವರಿಗೆ ಕಚೇರಿಯಲ್ಲಿ ಇತರೆಯವರು ಎಂದು ಹೆಸರು. ಬೈಗುಳವಲ್ಲ, ಕೆಲಸವೇ ಹಾಗೆ. ಆಹಾರದ ಅಂಕಿಅಂಶ ನೋಡಿಕೊಳ್ಳುವ ಇಲಾಖೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪದಾರ್ಥ ವಹಿಸಿಕೊಟ್ಟಿರುತ್ತಾರೆ. ದೇಶದಲ್ಲಿ ಅದು ಎಷ್ಟು ಬೆಳೆಯಿತು, ಹೊರಗಿನಿಂದ ಎಷ್ಟು ಬಂತು, ಹೊರಗೆ ಎಷ್ಟು ಹೋಯಿತು, ಕೂಡಿ ಕಳೆದು ನಮ್ಮ ಜನರ ಬಾಯಿಗೆ ಎಷ್ಟು ಉಳಿಯಿತು ಎಂದು ಹೇಳುವುದು ಅವರ ಕೆಲಸ. ಹೀಗೆ ಉಳಿದದ್ದಕ್ಕೆ ದೇಶೀಯ ಪೂರೈಕೆ ಎನ್ನುತ್ತಾರೆ. ಕಿತ್ತಳೆ ನೋಡುವವರು ಕಿತ್ತಳೆಯವರು, ನಿಂಬೆ ನೋಡುವವರು ನಿಂಬೆಯವರು. ಇವರ ಪಾಲಿಗೆ ಬಂದದ್ದು ‘ನಿಂಬೆ ಜಾತಿಯ ಇತರೆ ಹಣ್ಣುಗಳು’ ಎಂಬ ಸಾಲು. ಅಂದರೆ ಕಿತ್ತಳೆ, ಮೂಸಂಬಿ, ನಿಂಬೆ ತಮ್ಮ ತಮ್ಮ ಕುರ್ಚಿ ಎಳೆದುಕೊಂಡು ಕೂತ ಮೇಲೆ ಜಾಗ ಸಿಗದೆ ನಿಂತೇ ಉಳಿದವರು: ಚಕ್ಕೋತ, ಮಾದಲ, ಗಜನಿಂಬೆ, ಹೇರಳೆ.

ಮದುವೆ ಮನೆಗಳಲ್ಲಿ ನನ್ನ ಪಾಡು ಕೇಳಬೇಡಿ. ಪಕ್ಕದಲ್ಲಿ ಕೂತವರು ಸುಮ್ಮನಿರಲಾರದೆ ಕೇಳುತ್ತಾರೆ.

“ನಿಮ್ಮೆಜಮಾನ್ರು ಏನು ನೋಡ್ಕೋತಾರೆ?”

“ಹಣ್ಣು. ನಿಂಬೆ ಜಾತಿ.”

“ಓ, ನಿಂಬೆನಾ?”

“ನಿಂಬೆ ಬಿಟ್ಟು.”

“ಹಾಗಾದ್ರೆ ಕಿತ್ತಳೆ.”

“ಅದನ್ನೂ ಬಿಟ್ಟು.”

ಅಷ್ಟು ಹೊತ್ತಿಗೆ ಅವರ ಕಣ್ಣು ಊಟದ ಮನೆಯ ಕಡೆ ಹೋಗಿರುತ್ತದೆ. ನಾನೂ ಅವರನ್ನು ತಡೆಯುವುದಿಲ್ಲ.

ಕಚೇರಿಯ ರೋಗವನ್ನು ಇವರು ಮನೆಗೂ ಹಚ್ಚಿದ್ದಾರೆ. ಸಕ್ಕರೆ ಮುಗಿಯಿತು ಎಂದರೆ ಡಬ್ಬಿಯ ಮುಂದೆ ನಿಂತು, “ಮುಗೀತು ಅಂತ ಸುಮ್ನೆ ಹೇಳ್ಬಾರ್ದು. ತಿಂಗಳ ಮೊದಲು ದಾಸ್ತಾನು ಎಷ್ಟಿತ್ತು?” ಎನ್ನುತ್ತಾರೆ. ಪಕ್ಕದ ಮನೆಗೆ ಒಂದು ಲೋಟ ಕೊಟ್ಟಿದ್ದರೆ ಅದು ರಫ್ತು. ಅವರು ಅರ್ಧ ಲೋಟ ವಾಪಸು ಕೊಟ್ಟರೆ ಆಮದು. ಇರುವೆ ತಿಂದದ್ದು ನಷ್ಟ. ಇದೆಲ್ಲ ಕೂಡಿ ಕಳೆದು ಆದ ಮೇಲೂ ಡಬ್ಬಿ ಖಾಲಿಯೇ ಇರುತ್ತದೆ, ಅಂಗಡಿಗೆ ಹೋಗುವವಳು ನಾನೇ. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಇವರ ಜೊತೆ ಸಂಸಾರ ನಡೆದಿದೆ ಎಂದರೆ ಅದಕ್ಕೆ ಕಾರಣ ಇವರಿಗೆ ನನ್ನ ಸಿಟ್ಟು ಕಾಣಿಸುವ ಹೊತ್ತಿಗೆ ಅದು ಅರ್ಧ ಇಳಿದಿರುತ್ತದೆ, ಅಷ್ಟೆ.

ಇಂಥ ಮನುಷ್ಯನಿಗೆ ಹೋದ ವರ್ಷ ಒಂದು ಗಂಡಾಂತರ ಎದುರಾಯಿತು. ಇಲಾಖೆಗೆ ಹೊಸ ನಿರ್ದೇಶಕಿ ಬಂದರು. ಚುರುಕು ಹೆಂಗಸು, ಮಾತು ಚುಟುಕು. ಇಲಾಖೆ ವರ್ಷಕ್ಕೊಮ್ಮೆ ಅಚ್ಚು ಹಾಕಿಸುವ ಅಂಕಿಅಂಶದ ಪುಸ್ತಕದಲ್ಲಿ ಪುಡಿ ಪುಡಿ ಸಾಲುಗಳು ಜಾಸ್ತಿಯಾಗಿವೆ, ಇಂತಿಷ್ಟಕ್ಕಿಂತ ಕಡಿಮೆ ಪೂರೈಕೆ ಇರುವ ಹಣ್ಣಿಗೆಲ್ಲ ಪ್ರತ್ಯೇಕ ಸಾಲು ಯಾಕೆ, ಪಕ್ಕದ ಸಾಲಿಗೆ ಸೇರಿಸಿಬಿಡಿ ಎಂದರು. ಇವರ ಪಕ್ಕದ ಸಾಲು ಎಂದರೆ ನಿಂಬೆ. ಅಂದರೆ ಇವರ ಮೇಜು ನಿಂಬೆಯವರ ಕೋಣೆಗೆ ಹೋಗಬೇಕು, ಇವರು ಬರೆದದ್ದಕ್ಕೆಲ್ಲ ನಿಂಬೆಯವರು ಸಹಿ ಹಾಕಬೇಕು. ನಿಂಬೆಯವರು ಒಳ್ಳೆಯವರೇ, ಇವರ ಜೊತೆಗೇ ಕೆಲಸಕ್ಕೆ ಸೇರಿದವರು, ನನ್ನನ್ನು ಬಾಯಿ ತುಂಬ ಅತ್ತಿಗೆ ಎಂದು ಕರೆಯುತ್ತಾರೆ. ಆದರೆ ಜೊತೆಗೆ ಸೇರಿದವನ ಕೈಕೆಳಗೆ ಕೂರುವುದು ಯಾರಿಗೆ ರುಚಿಸುತ್ತದೆ? ಇವರು ಊಟ ಬಿಟ್ಟರು. ಬಿಟ್ಟರು ಎಂದರೆ ಪೂರ್ತಿ ಬಿಡಲಿಲ್ಲ, ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟರು. ಇವರ ಲೆಕ್ಕದಲ್ಲಿ ಅದು ಉಪವಾಸವೇ.

ಆದರೆ ವರ್ಷದ ಅಂಕಿ ಒಟ್ಟುಗೂಡಿದಾಗ ಪವಾಡ ನಡೆದಿತ್ತು. ಇತರೆ ಹಣ್ಣುಗಳ ಪೂರೈಕೆ ನಿರ್ದೇಶಕಿ ಎಳೆದ ಗಡಿಯನ್ನು ದಾಟಿ ಇನ್ನೂ ಮೇಲೆ ಹೋಗಿತ್ತು. ಹಿಂದಿನ ವರ್ಷವೂ ಏರಿತ್ತು, ಅದರ ಹಿಂದಿನ ವರ್ಷವೂ. ಇವರು ಅದನ್ನೆಲ್ಲ ಸೇರಿಸಿ ಒಂದು ಗೆರೆ ಎಳೆದು, ಅದರ ಒಂದು ಪ್ರತಿಯನ್ನು ಮನೆಗೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

“ಏನ್ರೀ ಇದು, ಅಟ್ಟಕ್ಕೆ ಏಣಿನಾ?” ಎಂದೆ.

“ಪ್ರವೃತ್ತಿ ಕಣೇ ಇದು. ಏರುಮುಖ ಪ್ರವೃತ್ತಿ. ಜನ ಬದಲಾಗ್ತಿದ್ದಾರೆ. ನಿಂಬೆ, ಕಿತ್ತಳೆ ತಿಂದು ತಿಂದು ಅವರಿಗೂ ಬೇಜಾರಾಗಿದೆ.”

“ನಾನು ವಾರವಾರ ಮಾರ್ಕೆಟ್ಟಿಗೆ ಹೋಗ್ತೀನಿ. ನನ್ನ ಕಣ್ಣಿಗೆ ಒಂದೂ ಬಿದ್ದಿಲ್ವಲ್ಲ?”

“ನೀನು ಒಬ್ಬಳು. ನೀನು ಕಂಡದ್ದು ದೇಶ ಅಲ್ಲ.”

ನಾನು ದೇಶ ಅಲ್ಲದಿರಬಹುದು, ಆದರೆ ಆ ಏಣಿ ಅಂಟಿಸಿದ ಜಾಗದಲ್ಲಿ ಮೊದಲು ನನ್ನ ಹಾಲಿನ ಲೆಕ್ಕ ಇತ್ತು. ಅದನ್ನು ಕಿತ್ತು ಎಲ್ಲಿಟ್ಟರೋ ಇವತ್ತಿಗೂ ಸಿಕ್ಕಿಲ್ಲ.

ಈ ಏರಿಕೆಯ ಹಿಂದೆ ಇವರದೇ ಒಂದು ಯೋಜನೆ ಇತ್ತು ಎಂಬುದನ್ನು ಇಲ್ಲಿ ಹೇಳಬೇಕು. ಮೊದಲು ಊರೂರಿನ ಮಾರುಕಟ್ಟೆಗಳು ತೂಕದ ಲೆಕ್ಕವನ್ನು ಅಂಚೆಯಲ್ಲಿ ಕಳಿಸುತ್ತಿದ್ದವು. ಅದು ಬರುವ ಹೊತ್ತಿಗೆ ಹಣ್ಣು ಕೊಳೆತು, ಬೀಜ ಮೊಳೆತು, ಗಿಡವಾಗಿರುತ್ತಿತ್ತು. ಇವರು ಅದನ್ನು ಬಿಟ್ಟು ಫೋನಿನ ಪದ್ಧತಿ ತಂದರು. ವಾರಕ್ಕೊಮ್ಮೆ ಮಾರುಕಟ್ಟೆಯ ವರದಿಗಾರನಿಗೆ ಫೋನು ಮಾಡುವುದು, ಪೂರೈಕೆ ಹೇಗಿದೆ ಎಂದು ಕೇಳುವುದು, ಅವನು ಹೇರಳ, ಸಾಧಾರಣ, ವಿರಳ ಈ ಮೂರರಲ್ಲಿ ಒಂದು ಪದ ಹೇಳುವುದು. ಆ ಪದ ಕಂಪ್ಯೂಟರಿನೊಳಗೆ ಹೋದರೆ ಆಯಾ ಮಾರುಕಟ್ಟೆಯ ಗಾತ್ರಕ್ಕೆ ತಕ್ಕಂತೆ ಟನ್ನುಗಳಾಗಿ ಹೊರಗೆ ಬರುತ್ತದೆ. ವಿರಳ ಎಂದರೆ ಮೂಟೆ, ಸಾಧಾರಣ ಎಂದರೆ ಗಾಡಿ, ಹೇರಳ ಎಂದರೆ ಲಾರಿ ಲಾರಿ. ನಿಂಬೆಯವರು ಮಾತ್ರ ಒಪ್ಪದೆ ತೂಕಕ್ಕೇ ಅಂಟಿಕೊಂಡರು. ಇವರು ಜಗ್ಗಲಿಲ್ಲ, ವರ್ಷಕ್ಕೆ ಒಂದಷ್ಟು ಮಾರುಕಟ್ಟೆಗಳನ್ನು ತಮ್ಮ ಫೋನಿಗೆ ಸೇರಿಸಿಕೊಳ್ಳುತ್ತಾ ಹೋದರು. ಸರಕಾರದ ಫೋನು ಬಿಲ್ಲಿನ ಮೇಲೆ ಇವರಿಗೆ ಎಲ್ಲಿಲ್ಲದ ಕರುಣೆ. ‘ಇತರೆ ಹಣ್ಣುಗಳ ಪೂರೈಕೆ ಹೇಗಿದೆ?’ ಎಂದು ಶುರುವಾದ ಪ್ರಶ್ನೆ ಸವೆದು ಸವೆದು ಕೊನೆಗೆ ‘ಇತರೆ?’ ಎಂಬಲ್ಲಿಗೆ ಬಂದು ನಿಂತಿತ್ತು.

ನಿರ್ದೇಶಕಿಗೆ ಏರುಗೆರೆ ಬಹಳ ಹಿಡಿಸಿತು. ಸಾಲು ಉಳಿಯಿತು ಎಂದರು. ಅಷ್ಟೇ ಅಲ್ಲ, ವಾರ್ಷಿಕ ಸಭೆಯಲ್ಲಿ ಇದರ ಬಗ್ಗೆ ನೀವೇ ಮಾತಾಡಬೇಕು ಎಂದರು. ಹಣ್ಣಿನ ರಸದ ಕಂಪನಿಯೊಂದು ಈ ಗೆರೆಯನ್ನೇ ನಂಬಿ ಹೊಸ ಕಾರ್ಖಾನೆ ಹಾಕಲು ಯೋಚಿಸುತ್ತಿದೆ, ಅವರ ಕಡೆಯವರೂ ಬರುತ್ತಾರೆ ಎಂದರು. ಇವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಆ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವರು. ಕನ್ನಡಿಯ ಮುಂದೆ ನಿಂತು ‘ಮಾನ್ಯರೇ’ ಎಂದು ಅಭ್ಯಾಸ ಮಾಡುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ನಗು ಬಂತು. ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಸಭೆಯ ಹಿಂದಿನ ದಿನ ರಜೆ ಹಾಕಿದರು. ವೇದಿಕೆಯ ಮೇಲೆ ಒಂದು ಬುಟ್ಟಿ ತುಂಬ ಇತರೆ ಹಣ್ಣುಗಳನ್ನು ಜೋಡಿಸಿ ಇಡಬೇಕಂತೆ. ಹಣ್ಣು ಆರಿಸಲು ನಾನು ಬೇಕು, ಬುಟ್ಟಿ ಹೊರಲು ತಾನು ಬರುತ್ತೇನೆ ಎಂದರು. ಇಬ್ಬರೂ ಬೆಳಿಗ್ಗೆಯೇ ದೊಡ್ಡ ಹಣ್ಣಿನ ಮಾರುಕಟ್ಟೆಗೆ ಹೋದೆವು. ಇವರು ಇಷ್ಟು ವರ್ಷ ಆ ಮಾರುಕಟ್ಟೆಯ ಲೆಕ್ಕ ಹಾಕಿದ್ದಾರೆ, ಆದರೆ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಬಾಳೆಗೊನೆ ಹೊತ್ತವನಿಗೆ ಎರಡು ಸಲ ಡಿಕ್ಕಿ ಹೊಡೆದರು. ಮೂರನೇ ಸಲ ಅವನೇ ನಿಂತು ಇವರಿಗೆ ದಾರಿ ಬಿಟ್ಟ.

ಕಿತ್ತಳೆ ರಾಶಿ ರಾಶಿ. ಮೂಸಂಬಿ ಗೋಪುರ. ನಿಂಬೆ ಚೀಲಗಟ್ಟಲೆ. ಇತರೆ ಮಾತ್ರ ಎಲ್ಲೂ ಇಲ್ಲ. ಒಂದು ಮೂಲೆಯಲ್ಲಿ ಎಂದೋ ಬಂದು ಉಳಿದ ಎರಡು ಚಕ್ಕೋತ ಸಿಕ್ಕವು, ಅದರಲ್ಲೊಂದು ಒಣಗಿ ಅಲ್ಲಾಡಿಸಿದರೆ ಸದ್ದು ಮಾಡುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ, ಆದರೆ ನನ್ನ ಮುಖ ಸುಮ್ಮನಿರಲಿಲ್ಲ ಅಂತ ಕಾಣುತ್ತದೆ.

“ಯಾಕೆ ನಗ್ತೀಯ?” ಎಂದರು.

“ನಾನು ಒಬ್ಬಳು, ದೇಶ ಅಲ್ಲ. ನೀವೂ ಇದ್ದೀರಲ್ಲ, ಈಗ ಇಬ್ಬರಾದ್ವಿ.”

ನಿಂಬೆ ಮಾರುವ ಹೆಂಗಸೊಬ್ಬಳನ್ನು ಕೇಳಿದೆವು. ಅವಳು ಕೈಯಲ್ಲಿದ್ದ ಗೋಣಿಚೀಲ ಕೊಡವುತ್ತಾ, “ಹೇರಳೆನಾ? ಬರ್ತದೆ ಅಪರೂಪಕ್ಕೆ, ಒಂದು ಬುಟ್ಟಿ. ಮೇಲ್ಗಡೆ ಆಫೀಸಿನವರನ್ನ ಕೇಳಿ, ಬಂದದ್ದು ಹೋದದ್ದು ಅವರಿಗೇ ಗೊತ್ತು,” ಎಂದಳು.

ಆಫೀಸು ಎಂದರೆ ಲಾರಿ ತೂಗುವ ವೇಬ್ರಿಜ್ಜಿನ ಪಕ್ಕ, ಮರದ ಮೆಟ್ಟಿಲು ಹತ್ತಿ ಹೋದರೆ ಸಿಗುವ ಪುಟ್ಟ ಕೋಣೆ. ಮಾರುಕಟ್ಟೆಯ ವರದಿಗಾರ ಬನಿಯನ್ನಿನ ಮೇಲೆ ಟವೆಲು ಹೊದ್ದು, ಎರಡು ಕೈಯಲ್ಲೂ ಟೀ ಲೋಟ ಹಿಡಿದು ಊದುತ್ತಿದ್ದ. ಇವರು ಬಾಗಿಲಲ್ಲಿ ನಿಂತು ನಮಸ್ಕಾರ ಎಂದದ್ದೇ ತಡ, ಅವನು ದಡಬಡ ಎದ್ದ.

“ಸಾರ್, ನೀವಾ? ಧ್ವನಿ ಕೇಳಿದ್ರೆ ಸಾಕು ನಂಗೆ. ಇಷ್ಟು ವರ್ಷ ಮಾತಾಡಿದ್ದೀವಿ, ಮುಖ ನೋಡ್ತಿರೋದು ಇವತ್ತೇ.”

ಇವರೂ ಖುಷಿಯಾದರು. ಇಬ್ಬರೂ ಬಹಳ ದಿನದ ಮೇಲೆ ಸಿಕ್ಕ ನೆಂಟರ ಹಾಗೆ ಕೈ ಹಿಡಿದುಕೊಂಡರು. ನನಗೆ ಕುರ್ಚಿ ಬಂತು, ಟೀ ಬಂತು. ಮೇಜಿನ ಕೆಳಗಿದ್ದ ಬುಟ್ಟಿಯಿಂದ ವರದಿಗಾರ ಒಂದು ಹಣ್ಣು ತೆಗೆದು ಇವರ ಕೈಯಲ್ಲಿಟ್ಟ. ಅಂಗೈ ತುಂಬುವಷ್ಟು ದೊಡ್ಡದು, ಉಬ್ಬುತಗ್ಗಿನ ಹಳದಿ ಸಿಪ್ಪೆ, ಪರಿಮಳ ಕೋಣೆಗೆಲ್ಲ ಆಯಿತು. “ಹೇರಳೆ ಸಾರ್. ಈ ವಾರ ಬಂದದ್ದು ಒಂದು ಬುಟ್ಟಿ, ಅದ್ರಲ್ಲಿ ಉಳಿದದ್ದು ಇದೊಂದೇ. ಮನೆಗೆ ಅಂತ ಇಟ್ಕೊಂಡಿದ್ದೆ. ನೀವೇ ತಗೊಳ್ಳಿ.”

“ಒಂದೇ ಬುಟ್ಟಿನಾ?” ಎಂದು ಇವರು ಕೇಳುವುದಕ್ಕೂ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಅವನ ಕೈಯಲ್ಲಿ ಲೋಟ ಇತ್ತು, ಮೊಣಕೈಯಿಂದಲೇ ಗುಂಡಿ ಒತ್ತಿದ. ಧ್ವನಿ ಕೋಣೆಗೆಲ್ಲ ಕೇಳಿಸಿತು. ಇವರ ಕಚೇರಿಯ ಕಿರಿಯ ಹುಡುಗಿ, ಇವರು ರಜೆ ಇದ್ದದ್ದರಿಂದ ವಾರದ ಫೋನು ಅವಳು ಮಾಡುತ್ತಿದ್ದಳು. ಪಾಠ ಹೇಳಿಕೊಟ್ಟವರು ಇವರೇ, ಅದೇ ರಾಗ, ಅದೇ ಆತುರ.

“ಇತರೆ?”

“ಹೇರಳೆ,” ಎಂದ ವರದಿಗಾರ.

“ಹೇರಳ. ತುಂಬ ಸಂತೋಷ. ಇಡ್ತೀನಿ.”

ಫೋನು ಕಟ್ಟಾಯಿತು. ವರದಿಗಾರ ಟೀ ಗುಟುಕರಿಸಿದ. ನಮ್ಮ ಮನೆಯವರು ಹಣ್ಣು ಹಿಡಿದುಕೊಂಡು ಹಾಗೇ ನಿಂತಿದ್ದರು.

“ಇನ್ನೊಂದ್ಸಲ ಹೇಳಿ,” ಎಂದರು.

“ಏನ್ ಸಾರ್?”

“ಈಗ ಫೋನಲ್ಲಿ ಏನಂದ್ರಿ?”

“ಹೇರಳೆ. ಈ ವಾರ ಇತರೆ ಅಂದ್ರೆ ಅದೊಂದೇ ತಾನೇ ಬಂದಿರೋದು? ಇತರೆ ಯಾವುದು ಅಂತ ನೀವು ಕೇಳ್ತೀರಿ, ಹಣ್ಣಿನ ಹೆಸರು ನಾನು ಹೇಳ್ತೀನಿ. ಚಕ್ಕೋತ ಬಂದ್ರೆ ಚಕ್ಕೋತ ಅಂತೀನಿ. ಆಗ ನೀವು ‘ಅದು ಹೇಗಿದೆ?’ ಅಂತೀರಿ, ನಾನು ‘ವಿರಳ’ ಅಂತೀನಿ. ಹೇರಳೆ ಅಂದಾಗ ಮಾತ್ರ ನೀವು ಯಾವತ್ತೂ ಮುಂದೆ ಕೇಳಿದ್ದೇ ಇಲ್ಲ. ತುಂಬ ಸಂತೋಷ ಅಂತ ಇಟ್ಟುಬಿಡ್ತಿದ್ರಿ. ಸಾಹೇಬರಿಗೆ ಆ ಹಣ್ಣು ಅಂದ್ರೆ ಪಂಚಪ್ರಾಣ ಇರಬೇಕು ಅಂತ ನಾವೆಲ್ಲ ಮಾತಾಡ್ಕೊಂಡಿದ್ವಿ.”

ಇಂಗು ತಿಂದ ಮಂಗ ಎಂದು ಹೇಳುವುದನ್ನು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ನನಗೆ ನಗು ಒತ್ತರಿಸಿ ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದೆ. ಊರೂರಿನ ಮಾರುಕಟ್ಟೆಯಲ್ಲಿ ಒಬ್ಬೊಬ್ಬ ವರದಿಗಾರ ಒಂದು ಬುಟ್ಟಿ ಹಣ್ಣಿನ ಹೆಸರು ಹೇಳಿದ್ದಾನೆ, ಇಲ್ಲಿ ಇವರು ಲಾರಿ ಲಾರಿ ಇಳಿಸಿಕೊಂಡಿದ್ದಾರೆ. ಮಾರುಕಟ್ಟೆಗಳನ್ನು ಫೋನಿಗೆ ಸೇರಿಸಿದ ಹಾಗೆಲ್ಲ ಗೆರೆ ಏರಿದೆ. ಎಲ್ಲ ಒಂದು ಎತ್ವ ಕಿವಿಗೆ ಬೀಳದೆ ಹೋದದ್ದರಿಂದ. ಆದರೆ ಮತ್ತೆ ಈ ಕಡೆ ತಿರುಗಿ ಇವರ ಮುಖ ನೋಡಿದಾಗ ನಗು ಅಲ್ಲಿಗೇ ನಿಂತಿತು.

ಮನೆಗೆ ಬಂದವರೇ ಹಜಾರದ ಫೋನಿನ ಮುಂದೆ ಕೂತರು. ಒಬ್ಬೊಬ್ಬ ವರದಿಗಾರನಿಗೂ ಫೋನು ಮಾಡಿದರು. “ನಾನು ಇತರೆ ಅಂದಾಗ ನೀವು ಏನಂತೀರಿ?” ಎಲ್ಲರದೂ ಅದೇ ಕಥೆ. ಒಬ್ಬ ಮಾತ್ರ ‘ಹೇರಳ ಅಂತಲೇ ಅಂತೀನಿ’ ಎಂದನಂತೆ. ಇವರ ಮುಖದಲ್ಲಿ ಜೀವ ಬಂತು. ಅವನು, ‘ನಮ್ಮ ಕಡೆ ಆ ಹಣ್ಣಿಗೆ ಹೇರಳ ಅಂತಲೇ ಅನ್ನೋದು ಸಾರ್’ ಎಂದನಂತೆ. ಬಂದ ಜೀವ ಹಾಗೇ ಹೋಯಿತು.

ನಾನು ಪಕ್ಕದಲ್ಲಿ ಕೂತೆ. “ರೀ, ಒಂದು ಮಾತು. ನಾಳೆ ಸಭೆ ಮುಗಿಸಿಬಿಡಿ. ಆಮೇಲೆ ನಿಧಾನಕ್ಕೆ ಸರಿ ಮಾಡ್ಕೊಳ್ಳಿ.”

“ಹೇಗೆ?”

“ಮುಂದಿನ ವರ್ಷ ಸ್ವಲ್ಪ ಇಳಿಸಿ. ಅದರ ಮುಂದಿನ ವರ್ಷ ಇನ್ನೂ ಸ್ವಲ್ಪ. ಏರಿದ್ದು ಇಳೀಬಾರ್ದು ಅಂತ ಏನಿದೆ? ಹಣ್ಣು ತಾನೇ, ಒಂದು ವರ್ಷ ಬಿಡುತ್ತೆ, ಒಂದು ವರ್ಷ ಇಲ್ಲ.”

ಹೌದು, ನಾನೇ ಹೇಳಿದೆ. ಇಷ್ಟು ವರ್ಷ ಆ ಸಾಲನ್ನು ಆಡಿಕೊಂಡವಳು, ಮದುವೆ ಮನೆಗಳಲ್ಲಿ ಅದರಿಂದ ತಲೆ ತಗ್ಗಿಸಿದವಳು, ಅದು ಹೋಗುತ್ತದೆ ಎಂದಾಗ ಅದರ ಪರ ವಕೀಲಿಕೆಗೆ ನಿಂತೆ. ಇವರು ಕನ್ನಡಿಯ ಮುಂದೆ ‘ಮಾನ್ಯರೇ’ ಎಂದದ್ದು ಕಣ್ಣಿಗೆ ಕಟ್ಟಿತ್ತು. ಯಾರ ಮನೆ ಹಾಳಾಗುತ್ತದೆ ಇವರು ಒಂದು ದಿನ ವೇದಿಕೆ ಹತ್ತಿದರೆ?

“ಕಾರ್ಖಾನೆ ಹಾಕೋರಿಗೆ ಏನು ಹೇಳಲಿ?” ಎಂದರು.

“ದೊಡ್ಡ ಕಂಪನಿ, ಅವರೇ ವಿಚಾರಿಸ್ಕೋತಾರೆ ಬಿಡಿ.”

“ವಿಚಾರಿಸೋದು ಯಾರನ್ನ? ನಮ್ಮ ಪುಸ್ತಕನ. ಬೇರೆ ಯಾರೂ ಈ ಹಣ್ಣನ್ನ ಎಣಿಸೋದೇ ಇಲ್ವಲ್ಲ. ನಾಳೆ ಅಲ್ಲಿ ಜನ ಕೆಲಸಕ್ಕೆ ಸೇರ್ತಾರೆ, ಗೇಟಿನಲ್ಲಿ ನಿಂತ್ಕೊಂಡು ಲಾರಿ ಬರುತ್ತೆ ಅಂತ ಕಾಯ್ತಾರೆ. ಏನು ಬರುತ್ತೆ? ನನ್ನ ಕಿವಿ ಬರುತ್ತೆ.”

“ಹಾಗಾದ್ರೆ ನಿಮ್ಮ ಸಾಲು?”

ಇವರು ಎದ್ದು ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲಿನ ಗೆರೆಯನ್ನು ನಿಧಾನವಾಗಿ ಬಿಡಿಸಿ ತೆಗೆದರು, ಕಾಗದ ಹರಿಯದ ಹಾಗೆ. ನನಗೆ ಸಿಟ್ಟು ಬಂತು. ಇವರ ಮೇಲೋ, ನಿರ್ದೇಶಕಿಯ ಮೇಲೋ, ಆ ಹಣ್ಣಿಗೆ ಅಂಥ ಹೆಸರಿಟ್ಟ ಪುಣ್ಯಾತ್ಮನ ಮೇಲೋ ಗೊತ್ತಾಗದೆ, ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ವಾರ್ಷಿಕ ಸಭೆಗೆ ಮನೆಯವರನ್ನೂ ಕರೆಯುತ್ತಾರೆ, ಮಧ್ಯಾಹ್ನದ ಊಟ ಅಲ್ಲೇ. ನಾನು ಹಿಂದಿನ ಸಾಲಿನಲ್ಲಿ ಕೂತೆ. ಮುಂದಿನ ಸಾಲಿನಲ್ಲಿ ಕಂಪನಿಯ ಕಡೆಯವರು ಇಬ್ಬರು, ಇಸ್ತ್ರಿ ಮುರಿಯದ ಅಂಗಿ. ನಿರ್ದೇಶಕಿ ಎದ್ದು ನಿಂತು, ನಮ್ಮ ಇಲಾಖೆಯಲ್ಲಿ ಯಾರೂ ಗಮನಿಸದ ಒಂದು ಸಾಲು ಈ ವರ್ಷ ಎಲ್ಲರ ಗಮನ ಸೆಳೆದಿದೆ ಎಂದು ಪೀಠಿಕೆ ಹಾಕಿದರು. ಇವರು ವೇದಿಕೆ ಹತ್ತಿದರು. ಬುಟ್ಟಿ ಇರಲಿಲ್ಲ. ಜೇಬಿನಿಂದ ಆ ಒಂದೇ ಹಣ್ಣನ್ನು ತೆಗೆದು ಮೇಜಿನ ಮೇಲಿಟ್ಟರು, ಉರುಳದಂತೆ ನೀರಿನ ಲೋಟಕ್ಕೆ ಒರಗಿಸಿದರು. ಹಿಂದೆ ಗೋಡೆಯ ಮೇಲೆ ಏರುಗೆರೆ ದೊಡ್ಡದಾಗಿ ಬೆಳಗುತ್ತಿತ್ತು.

ಮಾನ್ಯರೇ ಎನ್ನುವುದನ್ನು ಮರೆತರು. “ಈ ಗೆರೆ ತಪ್ಪು,” ಎಂದರು. “ಮಾರುಕಟ್ಟೆಯವರು ಹೇರಳೆ ಅಂದ್ರು. ನಾನು ಹೇರಳ ಅಂತ ಕೇಳಿಸ್ಕೊಂಡೆ. ಅವರು ಹಣ್ಣಿನ ಹೆಸರು ಹೇಳ್ತಿದ್ರು, ನಾನು ಲಾರಿ ಎಣಿಸ್ತಿದ್ದೆ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೊದಲು ನಕ್ಕವರು ಕಿತ್ತಳೆಯವರು. ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಪಕ್ಕದಲ್ಲಿದ್ದ ಹೆಂಗಸು ಹೊಟ್ಟೆ ಹಿಡಿದುಕೊಂಡು ನನ್ನ ತೊಡೆಗೆ ಹೊಡೆದು, “ಯಾರ್ರೀ ಈ ಮಹಾನುಭಾವ?” ಎಂದಳು. “ನಮ್ಮ ಮನೆಯವರು,” ಎಂದೆ. ಅವಳು ಕೈ ತೆಗೆದಳು. ಇವರು ನಗು ಮುಗಿಯುವವರೆಗೂ ಕಾದು ನಿಂತರು, ಬಸ್ಸಿಗೆ ಕಾಯುವವರ ಹಾಗೆ.

ನಿರ್ದೇಶಕಿ ನಗಲಿಲ್ಲ. “ಹಾಗಾದರೆ ನಿಜವಾದ ಪೂರೈಕೆ ಎಷ್ಟು?”

“ಗೊತ್ತಿಲ್ಲ ಮೇಡಂ.”

“ಒಂದು ಅಂದಾಜು?”

“ಅಂದಾಜು ಮಾಡಿಯೇ ಇಲ್ಲಿಗೆ ಬಂದು ನಿಂತಿರೋದು.”

ಅವರು ತಮ್ಮ ಕೈಯಲ್ಲಿದ್ದ ಕಾಗದದಲ್ಲಿ ಏನೋ ಹೊಡೆದುಹಾಕಿ, “ಸರಿ, ಸಾಲನ್ನು ನಿಂಬೆಗೆ ಸೇರಿಸೋಣ. ಕೂತ್ಕೊಳ್ಳಿ,” ಎಂದರು. ಮುಂದಿನ ವಿಷಯ ಈರುಳ್ಳಿ. ಇವರು ಇಳಿದು ಬಂದು ಮತ್ತೆ ಕೊನೆಯ ಸಾಲಿನಲ್ಲಿ ಕೂತರು. ಕಂಪನಿಯವರು ಊಟಕ್ಕೆ ನಿಲ್ಲದೆ ಹೊರಟರು. ಅವರಲ್ಲೊಬ್ಬ ವೇದಿಕೆಯ ಹತ್ತಿರ ಹೋಗಿ ಆ ಹಣ್ಣನ್ನು ಎತ್ತಿ ಮೂಸಿ, ಮತ್ತೆ ಲೋಟಕ್ಕೆ ಒರಗಿಸಿಟ್ಟು ಹೋದ.

ಊಟದ ಸಾಲಿನಲ್ಲಿ ನಿಂಬೆಯವರು ತಟ್ಟೆ ಹಿಡಿದು ನನ್ನ ಹತ್ತಿರ ಬಂದರು. ಏನಾದರೂ ಕೊಂಕು ಆಡಿದರೆ ಕೊಡಲು ನಾನೊಂದು ಉತ್ತರ ಮಸೆದು ಇಟ್ಟುಕೊಂಡಿದ್ದೆ. “ಅತ್ತಿಗೆ, ನನ್ನ ಕೋಣೇಲಿ ಕಿಟಕಿ ಪಕ್ಕದ ಜಾಗ ಖಾಲಿ ಮಾಡಿಸ್ತೀನಿ. ಅವನಿಗೆ ಗಾಳಿ ಬೇಕು,” ಎಂದರು. ಮಸೆದದ್ದು ದಂಡವಾಯಿತು.

ಮೇಜು ನಿಂಬೆಯವರ ಕೋಣೆಗೆ ಹೋಯಿತು, ಅದರ ಹಿಂದೆ ಇವರೂ ಹೋದರು. ಕೆಲವು ದಿನ ಮಾತು ಕಡಿಮೆ. ಸಕ್ಕರೆ ಮುಗಿಯಿತು ಎಂದರೆ ಸುಮ್ಮನೆ ಚೀಲ ಹಿಡಿದು ಹೊರಡುತ್ತಿದ್ದರು. ದಾಸ್ತಾನು ಕೇಳಲಿಲ್ಲ, ರಫ್ತು ಕೇಳಲಿಲ್ಲ. ನನಗೆ ಅದೇ ಕಷ್ಟವಾಯಿತು. ಒಂದು ದಿನ ನಾನೇ ತಡೆಯಲಾರದೆ, “ಪಕ್ಕದ ಮನೆಗೆ ಒಂದು ಲೋಟ ರಫ್ತು ಆಗಿದೆ,” ಎಂದೆ. “ಇರಲಿ ಬಿಡು,” ಎಂದರು.

ಆಮೇಲೆ ಕಚೇರಿಯಲ್ಲಿ ಒಂದು ಜಗಳ ಶುರುವಾಯಿತು, ಇವರು ಸ್ವಲ್ಪ ಸರಿಹೋದರು. ಈ ವರ್ಷದ ಪುಸ್ತಕದಲ್ಲಿ ಆ ತಪ್ಪಿನ ಬಗ್ಗೆ ಒಂದು ಅಡಿಟಿಪ್ಪಣಿ ಹಾಕಬೇಕು ಎಂದು ಇವರು ಹಟ ಹಿಡಿದರು. ಹಳೆಯ ಅಂಕಿ ಎಲ್ಲೆಲ್ಲೋ ಹೋಗಿದೆ, ಅದನ್ನು ನಂಬಬೇಡಿ ಎಂದು ಹೇಳುವವರು ಯಾರು ಎಂದರು. ನಿರ್ದೇಶಕಿ ಒಪ್ಪಿದರು. ಆದರೆ ಇವರು ಬರೆದುಕೊಟ್ಟದ್ದರಲ್ಲಿ ‘ನಾನು ತಪ್ಪಾಗಿ ಕೇಳಿಸಿಕೊಂಡೆ’ ಎಂದಿತ್ತು. ಸರಕಾರಿ ಪುಸ್ತಕದಲ್ಲಿ ‘ನಾನು’ ಎಂಬ ಪದ ಬರುವ ಹಾಗಿಲ್ಲವಂತೆ. ‘ತಪ್ಪಾಗಿ ಕೇಳಿಸಿಕೊಳ್ಳಲಾಗಿದೆ’ ಎಂದು ತಿದ್ದಿ ಕಳಿಸಿದರು. ಕೇಳಿಸಿಕೊಳ್ಳಲಾಗಿದೆ ಎಂದರೆ ಯಾರಿಂದ, ಗೋಡೆಯಿಂದಲೇ, ಎಂದು ಇವರು ಮತ್ತೆ ಬರೆದರು. ಆ ಕಾಗದ ಮೇಲೆ ಕೆಳಗೆ ಓಡಾಡಿ ಎಷ್ಟೋ ದಿನ ಹೋಯಿತು. ಕೊನೆಗೆ ನಿಂಬೆಯವರೇ ನಿರ್ದೇಶಕಿಯ ಕೋಣೆಗೆ ಹೋಗಿ ಕೂತು, ಒಂದು ವಾಕ್ಯಕ್ಕೆ ಒಪ್ಪಿಸಿಕೊಂಡು ಎದ್ದು ಬಂದರಂತೆ.

ಪುಸ್ತಕ ಅಚ್ಚಾಗಿ ಬಂದ ದಿನ ಸಂಜೆ ಇವರು ಅದನ್ನು ಮನೆಗೆ ತಂದು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದರು. ನಾನು ತೆರೆದು ನೋಡಿದೆ. ‘ನಿಂಬೆ ಮತ್ತು ಇತರೆ’ ಎಂದು ಒಂದೇ ಸಾಲು, ಅದರ ತಲೆಯ ಮೇಲೊಂದು ಪುಟ್ಟ ನಕ್ಷತ್ರ. ಪುಟದ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ ಹೀಗಿತ್ತು: ‘ಹಿಂದಿನ ವರ್ಷಗಳಲ್ಲಿ ಇತರೆ ಹಣ್ಣುಗಳಿಗೆ ತೋರಿಸಿದ ಏರಿಕೆಯನ್ನು ನಂಬಬಾರದು. ಇಲಾಖೆಯ ನೌಕರರೊಬ್ಬರು ಹಣ್ಣಿನ ಹೆಸರನ್ನು ಪ್ರಮಾಣವೆಂದು ತಪ್ಪಾಗಿ ಕೇಳಿಸಿಕೊಂಡು, ತಾವೇ ಅದನ್ನು ಕಂಡುಹಿಡಿದು ತಿಳಿಸಿದ್ದಾರೆ. ನಿಜವಾದ ಪೂರೈಕೆ ಗೊತ್ತಿಲ್ಲ.’

ಆ ಪುಸ್ತಕದಲ್ಲಿ ಕೆಲಸ ಮಾಡಿದವರ ಹೆಸರು ಹಾಕುವ ಪದ್ಧತಿ ಇಲ್ಲ. ನಾನು ಅದನ್ನು ಮೂರು ಸಲ ಓದಿದೆ. ನೌಕರರೊಬ್ಬರು. ಇಷ್ಟು ವರ್ಷ ಅದರಲ್ಲಿ ಹಣ್ಣು ಇತ್ತು, ನನ್ನ ಗಂಡ ಇರಲಿಲ್ಲ. ಈಗ ಹಣ್ಣು ಹೋಗಿದೆ, ನನ್ನ ಗಂಡ ಅಲ್ಲಿ ನಿಂತಿದ್ದಾರೆ. ನನಗೆ ಹೆಮ್ಮೆಯಾಯಿತು. ಅಷ್ಟು ಹೆಮ್ಮೆ, ಗೆರೆ ಏರುತ್ತಿದ್ದಾಗಲೂ ಆಗಿರಲಿಲ್ಲ.

ಇವರು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದು, ತೆರೆದ ಪುಟ ನೋಡಿ ನಿಂತರು.

“ಓದಿ,” ಎಂದೆ.

“ನೀನು ಓದಿದ್ಯಲ್ಲ.”

“ಅಕ್ಷರ ಸಣ್ಣದು, ನಂಗೆ ಕಾಣಲ್ಲ. ಗಟ್ಟಿಯಾಗಿ ಓದಿ.”

ಪುಸ್ತಕವನ್ನು ದೀಪದ ಹತ್ತಿರ ಹಿಡಿದು ಓದಲು ಶುರು ಮಾಡಿದರು. ‘ನೌಕರರೊಬ್ಬರು’ ಎಂಬಲ್ಲಿ ನಿಲ್ಲಿಸಿ, ಒರೆಸಿದ ಮುಖವನ್ನೇ ಮತ್ತೊಮ್ಮೆ ಒರೆಸಿಕೊಂಡರು. ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ, ಏನಾದರೂ ಅಂದೇ ಅನ್ನುತ್ತಿದ್ದೆ. ಅವತ್ತು ಸುಮ್ಮನೆ ಕೂತು, ಇವರು ಮುಂದಕ್ಕೆ ಓದಲಿ ಎಂದು ಕಾದೆ.